ವೀಕ್ಷಣೆ ಮತ್ತು ಅನುಮಾನ: ಎಳೆಯರಿಗೆ ವಿಜ್ಞಾನ ಕಲಿಸುವ ಬಗೆ

ವೀಕ್ಷಣೆ ಮತ್ತು ಅನುಮಾನ ಶಾಲಾ ವಿಜ್ಞಾನದಲ್ಲಿ ಮಕ್ಕಳಿಗೆ ಮೊದಮೊದಲು ರೂಢಿ ಮಾಡಿಸುವ ಎರಡು ಕೌಶಲಗಳು. ಕಣ್ಣು, ಕಿವಿ, ಮೂಗು, ನಾಲಗೆ, ಚರ್ಮಗಳ ಮೂಲಕವೋ, ಅವುಗಳ ಶಕ್ತಿ ಹೆಚ್ಚಿಸುವ ಭೂತಗನ್ನಡಿ, ತಕ್ಕಡಿ, ತಾಪಮಾಪಕಗಳ ಮೂಲಕವೋ ತಿಳಿದದ್ದು ವೀಕ್ಷಣೆ. ಅದಕ್ಕೆ ಮೊದಲೇ ಗೊತ್ತಿದ್ದುದನ್ನು ಸೇರಿಸಿ, ಕಾಣದ ಸಂಗತಿಯೊಂದನ್ನು ಹೇಳಿದರೆ ಅದು ಅನುಮಾನ. ಹೊಂಗೆ ಮರದ ಒಂದು ಎಲೆ ಕಿತ್ತು ಮಗುವಿನ ಕೈಗೆ ಕೊಟ್ಟರೆ ‘ಎಲೆಯನ್ನು ಹುಳ ತಿಂದಿದೆ’ ಎಂದು ಥಟ್ಟನೆ ಹೇಳುತ್ತದೆ. ಹುಳ ತಿನ್ನುವುದನ್ನು ಅದು ನೋಡಿಲ್ಲ. ನೋಡಿದ್ದು ಐದು ತೂತುಗಳನ್ನು ಮತ್ತು ತೂತಿನ ಅಂಚಿನ ಕಂದು ಬಣ್ಣವನ್ನು. ‘ಇನ್ನೊಂದು ವಾರದಲ್ಲಿ ಪಕ್ಕದ ಎಲೆಯೂ ತೂತಾಗುತ್ತದೆ’ ಎಂಬುದು ಮೂರನೆಯ ಬಗೆ, ಮುನ್ಸೂಚನೆ. ತರಗತಿಯಲ್ಲಿ ಇಷ್ಟು ಪರಿಭಾಷೆ ಬೇಕಾಗುವುದಿಲ್ಲ. ಕಪ್ಪುಹಲಗೆಯ ನಡುವೆ ಗೆರೆ ಎಳೆದು ಒಂದು ಕಡೆ ‘ಕಂಡದ್ದು’, ಇನ್ನೊಂದು ಕಡೆ ‘ಊಹಿಸಿದ್ದು’ ಎಂದು ಬರೆದರೆ ಮೂರನೇ ತರಗತಿಯ ಮಕ್ಕಳಿಗೂ ಸಾಕು.

ಮಕ್ಕಳಿಗೆ ನೋಡಲು ಬರುವುದಿಲ್ಲ ಎಂಬ ದೂರು ಹಳೆಯದು, ಅಷ್ಟೇನೂ ನಿಜವಲ್ಲದ್ದು. ಇರುವೆ ಸಾಲನ್ನು ಅರ್ಧ ಗಂಟೆ ನೋಡುತ್ತ ಕೂರುವ ತಾಳ್ಮೆ ದೊಡ್ಡವರಿಗಿಂತ ಅವರಿಗೇ ಹೆಚ್ಚು. ತೊಡಕು ಇರುವುದು ಬೇರೆ ಕಡೆ: ಕಂಡದ್ದರಿಂದ ಊಹೆಗೆ ಮನಸ್ಸು ಎಷ್ಟು ಬೇಗ ಜಿಗಿಯುತ್ತದೆಂದರೆ, ಜಿಗಿದದ್ದೇ ಗೊತ್ತಾಗುವುದಿಲ್ಲ. ಊಹೆಯನ್ನೂ ಕಂಡದ್ದೆಂದೇ ನಂಬುತ್ತೇವೆ. ಈ ಕೌಶಲಗಳ ಬೋಧನೆ ಎಂದರೆ ಬಹುಮಟ್ಟಿಗೆ ಆ ಜಿಗಿತವನ್ನು ನಿಧಾನ ಮಾಡಿ ತೋರಿಸುವ ಕೆಲಸ.

ಹಿನ್ನೆಲೆ

ಈ ಭೇದವನ್ನು ಭಾರತದ ನ್ಯಾಯದರ್ಶನ ಬಹಳ ಹಿಂದೆಯೇ ಬಿಡಿಸಿಟ್ಟಿತ್ತು. ಅಲ್ಲಿ ಪ್ರತ್ಯಕ್ಷ ಮೊದಲ ಪ್ರಮಾಣ, ಅನುಮಾನ ಎರಡನೆಯದು. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎನ್ನುವುದು ಅನುಮಾನದ ಸಿದ್ಧ ಉದಾಹರಣೆ. ಹೊಗೆಯೂ ಬೆಂಕಿಯೂ ಒಟ್ಟಿಗಿರುವುದಕ್ಕೆ ಸಾಕ್ಷಿ ಅಡುಗೆಮನೆ. ಆದರೆ ಇದನ್ನು ತಿರುಗಿಸಿ ಹೇಳಲು ಬರುವುದಿಲ್ಲ ಎಂದು ನೈಯಾಯಿಕರು ಎಚ್ಚರಿಸಿದರು. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದ್ದರೂ ಹೊಗೆ ಇರುವುದಿಲ್ಲ. ಹೊಗೆ ಏಳಬೇಕಾದರೆ ಹಸಿ ಸೌದೆಯೂ ಬೇಕು. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಗಿ, ದೂರದಲ್ಲಿ ಏನೋ ಕಂಡಾಗ ಅದು ಹೊಗೆಯೋ ಧೂಳೋ ಎಂದೇ ನಿರ್ಧಾರವಾಗದಿರುವ ಸಂದರ್ಭವನ್ನು ಎತ್ತುತ್ತಾನೆ. ಪ್ರತ್ಯಕ್ಷವೂ ಪರೀಕ್ಷೆಗೆ ಹೊರತಲ್ಲ ಎಂಬ ಈ ಮಾತು ವಿಜ್ಞಾನ ಶಿಕ್ಷಣದ ಚರ್ಚೆಯಲ್ಲಿ ಮತ್ತೆ ಕಾವೇರಿದ್ದು ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ.

ಶಾಲೆಯೊಳಕ್ಕೆ ವೀಕ್ಷಣೆ ಬಂದದ್ದು ಸ್ವಿಟ್ಜರ್ಲೆಂಡಿನ ಪೆಸ್ಟಲೋಜಿಯ (1746–1827) ಪ್ರಭಾವದಿಂದ. ಮಾತಿಗಿಂತ ಮೊದಲು ವಸ್ತು ಎಂಬ ಅವನ ತತ್ವ ಇಂಗ್ಲೆಂಡಿನಲ್ಲಿ ‘ವಸ್ತುಪಾಠ’ದ ರೂಪ ತಾಳಿತು. ಗಾಜಿನ ಚೂರು, ಸ್ಪಂಜು, ಉಪ್ಪುಹರಳು ಇತ್ಯಾದಿಗಳನ್ನು ಮಕ್ಕಳ ಮುಂದಿಟ್ಟು ಅವುಗಳ ಗುಣಗಳನ್ನು ಹೇಳಿಸುವ ಪದ್ಧತಿ ಅದು. ಕೆಲವೇ ವರ್ಷಗಳಲ್ಲಿ ವಸ್ತು ಪಕ್ಕಕ್ಕೆ ಸರಿದು ಗುಣಗಳ ಪಟ್ಟಿ ಮಾತ್ರ ಉಳಿಯಿತು. ಪಾರದರ್ಶಕ, ಭಿದುರ, ನುಣುಪು ಎಂದು ಮಕ್ಕಳು ಗಾಜು ನೋಡದೆಯೇ ಒಪ್ಪಿಸತೊಡಗಿದರು. ಡಿಕನ್ಸನ ‘ಹಾರ್ಡ್ ಟೈಮ್ಸ್’ (1854) ಕಾದಂಬರಿಯ ಶಾಲೆಯಲ್ಲಿ ಸರ್ಕಸ್ಸಿನ ಕುದುರೆಗಳ ನಡುವೆಯೇ ಬೆಳೆದ ಹುಡುಗಿ ಕುದುರೆ ಎಂದರೇನು ಎಂಬುದಕ್ಕೆ ಉತ್ತರ ಕೊಡಲಾರದೆ ಪೆಚ್ಚಾಗುತ್ತಾಳೆ, ಪಕ್ಕದ ಹುಡುಗ ಹಲ್ಲಿನ ಲೆಕ್ಕ ಸಮೇತ ಒಪ್ಪಿಸುತ್ತಾನೆ. ನಮ್ಮ ಶಾಲೆಗಳಿಗೆ ಈ ದೃಶ್ಯ ಅಪರಿಚಿತವೇನಲ್ಲ.

ಅಮೆರಿಕದ ಹಾರ್ವರ್ಡಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಲೂಯಿ ಅಗಾಸಿ (1807–1873) ಹೊಸ ವಿದ್ಯಾರ್ಥಿಯ ಮುಂದೆ ತಟ್ಟೆಯಲ್ಲಿ ಒಂದು ಮೀನು ಇಟ್ಟು, ನೋಡು ಎಂದಷ್ಟೇ ಹೇಳಿ ಹೊರಟುಬಿಡುತ್ತಿದ್ದ. ಸ್ಯಾಮ್ಯುಯೆಲ್ ಸ್ಕಡರ್ ಎಂಬ ಶಿಷ್ಯ ಇದನ್ನು ಬರೆದಿಟ್ಟಿದ್ದಾನೆ. ಹತ್ತು ನಿಮಿಷದಲ್ಲಿ ಎಲ್ಲ ನೋಡಿ ಮುಗಿಸಿದೆನೆಂದುಕೊಂಡವನಿಗೆ, ಮೀನಿನ ಎರಡು ಪಕ್ಕಗಳೂ ಒಂದೇ ತೆರನಾಗಿವೆ, ಅಂಗಗಳು ಜೋಡಿಜೋಡಿಯಾಗಿವೆ ಎಂಬುದು ಹೊಳೆದದ್ದು ಮಾರನೆಯ ದಿನ. ಮೊದಲ ದಿನ ಪೆನ್ಸಿಲ್ ಹಿಡಿದು ಚಿತ್ರ ಬರೆಯಲು ಹೊರಟ ಮೇಲಷ್ಟೇ ಹೊಸ ವಿವರಗಳು ಕಾಣತೊಡಗಿದ್ದವು. ವೀಕ್ಷಣೆಯ ಬೋಧನೆ ಎಂದೊಡನೆ ಎಲ್ಲರೂ ಈ ಕಥೆ ಹೇಳುತ್ತಾರೆ. ಅದರ ಜೊತೆಗೇ ಹೇಳಬೇಕಾದ ಇನ್ನೊಂದು ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ: ಇಷ್ಟು ಸೂಕ್ಷ್ಮವಾಗಿ ಮೀನು ನೋಡಿದ ಅಗಾಸಿ ಡಾರ್ವಿನ್ನನ ವಿಕಾಸವಾದವನ್ನು ಸಾಯುವವರೆಗೂ ಒಪ್ಪಲಿಲ್ಲ. ಚೆನ್ನಾಗಿ ನೋಡಿದರೆ ಸರಿಯಾದ ಅನುಮಾನ ತಾನಾಗಿ ಬರುತ್ತದೆಂಬ ಭರವಸೆಗೆ ಅವನೇ ದೊಡ್ಡ ಅಪವಾದ.

1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದಲ್ಲಿ ಶಾಲಾ ವಿಜ್ಞಾನವನ್ನು ತಿದ್ದುವ ಅವಸರ ಶುರುವಾಯಿತು. 1960ರ ದಶಕದಲ್ಲಿ ಅಲ್ಲಿನ ವಿಜ್ಞಾನ ಪ್ರಗತಿ ಸಂಘ ರೂಪಿಸಿದ ಪ್ರಾಥಮಿಕ ಪಠ್ಯಕ್ರಮ ಮನೋವಿಜ್ಞಾನಿ ರಾಬರ್ಟ್ ಗಾನ್ಯೆಯ ವಿಚಾರಗಳನ್ನು ಆಧರಿಸಿ ವಿಜ್ಞಾನವನ್ನು ‘ಪ್ರಕ್ರಿಯೆ’ಗಳಾಗಿ ಒಡೆಯಿತು. ವೀಕ್ಷಿಸು, ವರ್ಗೀಕರಿಸು, ಅಳೆ, ಅನುಮಾನಿಸು, ಮುನ್ಸೂಚಿಸು ಇತ್ಯಾದಿ ಕ್ರಿಯಾಪದಗಳು ಇಂದಿಗೂ ಶಿಕ್ಷಕರ ಕೈಪಿಡಿಗಳಲ್ಲಿ ಕಾಣಸಿಗುವುದು ಆ ಕಾಲದ ಕೊಡುಗೆಯಾಗಿ. ಅದೇ ದಶಕದಲ್ಲಿ ಭೌತವಿಜ್ಞಾನಿ ಫಿಲಿಪ್ ಮಾರಿಸನ್, ತತ್ವಜ್ಞಾನಿ ಡೇವಿಡ್ ಹಾಕಿನ್ಸ್ ಮುಂತಾದವರಿದ್ದ ಇನ್ನೊಂದು ತಂಡ ಇದಕ್ಕೆ ವಿರುದ್ಧ ದಾರಿ ಹಿಡಿಯಿತು: ಕೌಶಲಗಳನ್ನು ಬಿಡಿಬಿಡಿಯಾಗಿ ತಾಲೀಮು ಮಾಡಿಸಬೇಡಿ, ಬ್ಯಾಟರಿ, ಬಲ್ಬು, ಲೋಲಕ ಕೊಟ್ಟು ಮಕ್ಕಳನ್ನು ಅವರ ಪಾಡಿಗೆ ಬಿಡಿ. ಇವೆರಡರಲ್ಲಿ ಮೊದಲನೆಯದು ಪರೀಕ್ಷೆಗೆ ಹೊಂದುವಂಥದ್ದು, ಹಾಗಾಗಿ ಹೆಚ್ಚು ದೂರ ಹರಡಿತು. ಎರಡನೆಯದು ಹೆಚ್ಚು ಫಲ ಕೊಟ್ಟಿತೆಂದು ಈ ಲೇಖಕನ ಎಣಿಕೆ.

ಮೇಣದ ಬತ್ತಿ

ವೀಕ್ಷಣೆ, ಅನುಮಾನಗಳ ಪಾಠಕ್ಕೆ ಉರಿಯುವ ಮೇಣದ ಬತ್ತಿಯಷ್ಟು ಒದಗಿಬಂದ ವಸ್ತು ಇನ್ನೊಂದಿಲ್ಲ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕೆಲ್ ಫ್ಯಾರಡೆ ಎಳೆಯ ಶ್ರೋತೃಗಳಿಗೆ ಬತ್ತಿಯೊಂದನ್ನೇ ಹಿಡಿದು ಕ್ರಿಸ್‌ಮಸ್ ಉಪನ್ಯಾಸಮಾಲೆ ನಡೆಸಿದ. 1860–61ರ ಆ ಮಾತುಗಳು 1861ರಲ್ಲಿ ಪುಸ್ತಕವಾದವು. ಮಕ್ಕಳಿಗೆ ಬತ್ತಿ ಹಚ್ಚಿಕೊಟ್ಟು ಕಂಡದ್ದನ್ನೆಲ್ಲ ಬರೆಯಲು ಹೇಳಿದರೆ ಮೊದಲ ಸುತ್ತಿನಲ್ಲಿ ನಾಲ್ಕೈದು ಸಾಲು ಬರುತ್ತದೆ. ಆಮೇಲೆ ಒಬ್ಬಳು ಜ್ವಾಲೆಯ ಬುಡ ನೀಲಿ ಎನ್ನುತ್ತಾಳೆ. ಇನ್ನೊಬ್ಬ ಬತ್ತಿಯ ಸುತ್ತ ಮೇಣ ಕರಗಿ ಬಟ್ಟಲಿನ ಹಾಗೆ ನಿಂತದ್ದನ್ನು, ಅದರಲ್ಲಿ ಕಪ್ಪು ಕಣವೊಂದು ಸುತ್ತುತ್ತಿರುವುದನ್ನು ಕಾಣುತ್ತಾನೆ. ನೂಲಿನ ತುದಿ ಕೆಂಪಗೆ ಬಾಗಿರುವುದು, ಆರಿಸಿದಾಗ ಬಿಳಿ ಹೊಗೆ ಏಳುವುದು, ಆ ಹೊಗೆಗೆ ಕಡ್ಡಿ ಹಿಡಿದರೆ ಬತ್ತಿಯನ್ನು ಮುಟ್ಟದೆಯೇ ಮತ್ತೆ ಹೊತ್ತಿಕೊಳ್ಳುವುದು ಇವೆಲ್ಲ ಒಂದೊಂದಾಗಿ ಹೊರಬರುತ್ತವೆ. ‘ಮೇಣ ಉರಿಯುತ್ತಿದೆ’ ಎಂದು ಬರೆದವರನ್ನು ಮಾತ್ರ ಇಲ್ಲಿ ತಡೆಯಬೇಕು. ಉರಿಯುತ್ತಿರುವುದು ಮೇಣವೋ ನೂಲೋ ಎಂಬುದು ಕಣ್ಣಿಗೆ ಕಾಣುವ ಸಂಗತಿಯಲ್ಲ.

ಇದಕ್ಕೊಂದು ಹಳೆಯ ಕುಚೋದ್ಯವಿದೆ. ಬಾಳೆಹಣ್ಣಿನ ತುಂಡನ್ನು ಬತ್ತಿಯ ಆಕಾರಕ್ಕೆ ಕತ್ತರಿಸಿ, ತುದಿಗೆ ಬಾದಾಮಿಯ ತೆಳು ಸೀಳು ಚುಚ್ಚಿ ಹೊತ್ತಿಸುತ್ತಾರೆ. ಬಾದಾಮಿಯಲ್ಲಿ ಎಣ್ಣೆ ಇರುವುದರಿಂದ ತುಸು ಹೊತ್ತು ಚೆನ್ನಾಗಿಯೇ ಉರಿಯುತ್ತದೆ. ದೂರದಿಂದ ನೋಡಿದ ಮಕ್ಕಳು ‘ಮೇಣದ ಬತ್ತಿ ಉರಿಯುತ್ತಿದೆ’ ಎಂದು ವೀಕ್ಷಣೆಯ ಪಟ್ಟಿಯಲ್ಲಿ ಮೊದಲ ಸಾಲಾಗಿ ಬರೆದುಕೊಂಡ ಮೇಲೆ ಶಿಕ್ಷಕರು ಅದನ್ನು ಆರಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಗದ್ದಲ ಅಡಗಿದ ನಂತರ ಪಟ್ಟಿಯನ್ನು ಮತ್ತೆ ತೆರೆದರೆ, ಯಾವ ಸಾಲು ಯಾವ ಕಡೆ ಹೋಗಬೇಕು ಎಂದು ಯಾರೂ ಹೇಳಿಕೊಡಬೇಕಾಗುವುದಿಲ್ಲ.

ಬತ್ತಿಯ ಇನ್ನೊಂದು ಪ್ರಯೋಗ ಪಠ್ಯಪುಸ್ತಕಗಳ ಬಣ್ಣ ಬಯಲು ಮಾಡುವಂಥದ್ದು. ತಟ್ಟೆಯ ನೀರಿನಲ್ಲಿ ಬತ್ತಿ ನಿಲ್ಲಿಸಿ ಹಚ್ಚಿ, ಮೇಲೆ ಗಾಜಿನ ಲೋಟ ಕವುಚುತ್ತಾರೆ. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಏರುತ್ತದೆ. ಗಾಳಿಯಲ್ಲಿ ಐದನೇ ಒಂದು ಪಾಲು ಇರುವ ಆಮ್ಲಜನಕ ಖರ್ಚಾಯಿತು, ಆ ಜಾಗವನ್ನು ನೀರು ತುಂಬಿತು ಎಂಬ ವಿವರಣೆ ತಲೆಮಾರುಗಳಿಂದ ಅಚ್ಚಾಗುತ್ತ ಬಂದಿದೆ. ಮಕ್ಕಳಿಗೆ ವಿವರಣೆ ಹೇಳದೆ ಬರೀ ನೋಡಲು ಬಿಟ್ಟರೆ ಅದು ಅಲ್ಲೇ ಬಿರುಕು ಬಿಡುತ್ತದೆ. ಉರಿಯುವಾಗ ನೀರು ಹೆಚ್ಚೇನೂ ಏರುವುದಿಲ್ಲ, ಸರ್ರನೆ ಏರುವುದು ಜ್ವಾಲೆ ಆರಿದ ಮೇಲೆ. ಲೋಟ ಕವುಚುವಾಗ ಒಮ್ಮೊಮ್ಮೆ ಅಂಚಿನಿಂದ ಗುಳ್ಳೆಗಳು ಹೊರಬರುತ್ತವೆ. ಅದೇ ಲೋಟದಡಿ ಎರಡು, ಮೂರು ಬತ್ತಿ ಇಟ್ಟರೆ ನೀರು ಇನ್ನೂ ಮೇಲೆ ಹೋಗುತ್ತದೆ. ಲೋಟದಲ್ಲಿದ್ದ ಆಮ್ಲಜನಕವೇನೂ ಹೆಚ್ಚಿರಲಿಲ್ಲವಲ್ಲ! ಜ್ವಾಲೆಯ ಬಿಸಿಗೆ ಲೋಟದ ಗಾಳಿ ಹಿಗ್ಗಿ ಒಂದಿಷ್ಟು ಹೊರಹೋಗುತ್ತದೆ, ಬತ್ತಿ ಆರಿದಾಗ ಉಳಿದದ್ದು ತಣಿದು ಕುಗ್ಗುತ್ತದೆ, ಹೊರಗಿನ ವಾಯುಭಾರ ನೀರನ್ನು ಒಳಕ್ಕೆ ದೂಡುತ್ತದೆ. ಏರಿಕೆಗೆ ಮುಖ್ಯ ಕಾರಣ ಇದು. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರಿರುತ್ತದೆ. ಉರಿದದ್ದರ ಬದಲಿಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿರುತ್ತದೆ. ಕೊಳವೆಯಲ್ಲಿ ಒದ್ದೆ ಕಬ್ಬಿಣದ ಎಳೆಗಳನ್ನು ತುರುಕಿ ನೀರಿನ ಮೇಲೆ ಬೋರಲು ಹಾಕಿ ಕೆಲವು ದಿನ ತುಕ್ಕು ಹಿಡಿಯಲು ಬಿಟ್ಟರೆ ಐದನೇ ಒಂದರಷ್ಟು ನೀರು ಏರುವುದು ನಿಜಕ್ಕೂ ಕಾಣುತ್ತದೆ. ಸರಿಯಾದ ಅಂಕಿಯನ್ನು ತಪ್ಪು ಪ್ರಯೋಗಕ್ಕೆ ಅಂಟಿಸಿದ್ದು ಪುಸ್ತಕದ ದೋಷ. ಎಷ್ಟೋ ತರಗತಿಗಳಲ್ಲಿ ಲೋಟದಲ್ಲಿ ಅರ್ಧದವರೆಗೆ ಏರಿದ ನೀರನ್ನು ನೋಡಿಯೂ ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಐದನೇ ಒಂದು ಎಂದೇ ಬರೆಯುತ್ತಾರೆ.

ಸಂಶೋಧನೆಯ ಬೆಳಕು

ಬ್ರಿಟನ್ನಿನ ರೋಸಲಿಂಡ್ ಡ್ರೈವರ್ 1983ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದು ಇದನ್ನೇ: ಮಕ್ಕಳು ಖಾಲಿ ತಲೆಯಲ್ಲಿ ತರಗತಿಗೆ ಬರುವುದಿಲ್ಲ, ತಮ್ಮ ವಿವರಣೆಗಳನ್ನು ಹೊತ್ತೇ ಬರುತ್ತಾರೆ, ಏನನ್ನು ಕಾಣುತ್ತಾರೆ ಎಂಬುದನ್ನೂ ಆ ವಿವರಣೆಗಳೇ ಆರಿಸುತ್ತವೆ. ತತ್ವಜ್ಞಾನಿ ಎನ್. ಆರ್. ಹ್ಯಾನ್ಸನ್ 1958ರಲ್ಲಿ ವಿಜ್ಞಾನಿಗಳ ಬಗ್ಗೆ ಹೇಳಿದ ಮಾತು ಹೀಗೆ ಶಾಲೆಗೂ ಬಂತು. ಆದ್ದರಿಂದ ‘ಕಂಡದ್ದು’, ‘ಊಹಿಸಿದ್ದು’ ಎಂಬ ನಡುಗೆರೆ ತತ್ವಶಾಸ್ತ್ರದ ಕಟ್ಟುನಿಟ್ಟಿನಲ್ಲಿ ನಿಲ್ಲುವುದಿಲ್ಲ. ಪಾಠದ ಉಪಕರಣವಾಗಿ ಮಾತ್ರ ಚೆನ್ನಾಗಿ ದುಡಿಯುತ್ತದೆ.

ತಣ್ಣೀರಿನ ಸ್ಟೀಲ್ ಲೋಟದ ಹೊರಮೈ ಮೇಲಿನ ಹನಿಗಳನ್ನು ತೆಗೆದುಕೊಳ್ಳಿ. ‘ಲೋಟ ಬೆವರಿದೆ’ ಎನ್ನುತ್ತೇವೆ. ನೀರು ಲೋಟದೊಳಗಿಂದ ಜಿನುಗಿತು, ಇಲ್ಲವೇ ತಂಪೇ ನೀರಾಯಿತು ಎಂದು ಬಹಳ ಮಕ್ಕಳು ನಂಬುತ್ತಾರೆಂದು ನ್ಯೂಜಿಲೆಂಡಿನ ಓಸ್ಬರ್ನ್ ಮತ್ತು ಕಾಸ್ಗ್ರೋವ್ 1983ರಲ್ಲಿ ವರದಿ ಮಾಡಿದರು. ಒಳಗಿನ ನೀರಿಗೆ ಬೀಟ್ರೂಟ್ ರಸ ಬೆರೆಸಿ, ಹೊರಗಿನ ಹನಿಯನ್ನು ಬಿಳಿ ಕಾಗದದಿಂದ ಒರೆಸಿ ತೋರಿಸಿದರೆ ಹನಿಗೆ ಬಣ್ಣವಿಲ್ಲ. ಚುರುಕಾದ ಹುಡುಗಿಯೊಬ್ಬಳು ಆಗಲೂ ಬಿಡುವುದಿಲ್ಲ: ‘ಬಣ್ಣ ಒಳಗೇ ಸೋಸಿಹೋಯ್ತು ಮಿಸ್, ನೀರು ಮಾತ್ರ ಆಚೆ ಬಂತು.’ ಇದು ತಪ್ಪಾದರೂ ಒಳ್ಳೆಯ ಅನುಮಾನ, ಏಕೆಂದರೆ ಪರೀಕ್ಷಿಸಲು ಬರುತ್ತದೆ. ಮುಚ್ಚಳವಿಟ್ಟ ಲೋಟವನ್ನು ತೂಕಕ್ಕಿಟ್ಟರೆ ಹನಿ ಕೂಡಿದಂತೆ ತೂಕ ಏರುತ್ತದೆ. ಫ್ರಿಜ್‌ನಿಂದ ತೆಗೆದ ಖಾಲಿ ಚಮಚವೂ ಒದ್ದೆಯಾಗುತ್ತದೆ. ಮಂಗಳೂರಿನಲ್ಲಿ ಹನಿ ಕ್ಷಣದಲ್ಲಿ ಮೂಡುತ್ತದೆ, ರಾಯಚೂರಿನ ಒಣ ಬೇಸಿಗೆಯಲ್ಲಿ ನಿಧಾನ. ನೀರು ಗಾಳಿಯಿಂದ ಬಂತೆಂಬ ಮಾತಿಗೆ ಇಷ್ಟು ಆಧಾರ ಕೂಡಿದ ಮೇಲೆ ‘ಸಾಂದ್ರೀಕರಣ’ ಎಂಬ ಹೆಸರು ಹೇಳಿದರೆ ತಡವಾಗುವುದಿಲ್ಲ.

ಎಳೆಯರಿಗೆ ಇಷ್ಟು ತರ್ಕ ನಿಲುಕುತ್ತದೆಯೇ ಎಂಬ ಪ್ರಶ್ನೆಗೆ 1991ರಲ್ಲಿ ಬೀಟೆ ಸೋಡಿಯನ್, ಡೆಬೊರಾ ಜೈಚಿಕ್, ಸೂಸನ್ ಕ್ಯಾರಿ ಮೂವರೂ ಸೇರಿ ಒಂದು ಚೆಂದದ ಉತ್ತರ ಕೊಟ್ಟರು. ಮನೆಯಲ್ಲೊಂದು ಇಲಿ ಇದೆ. ದೊಡ್ಡದೋ ಚಿಕ್ಕದೋ ಗೊತ್ತಿಲ್ಲ. ತಿಂಡಿ ಇಡಲು ಎರಡು ಪೆಟ್ಟಿಗೆ, ಒಂದರ ಬಾಯಿ ಅಗಲ, ಇನ್ನೊಂದರದು ಕಿರಿದು. ಇಲಿಗೆ ತಿಂಡಿ ಸಿಗಲೇಬೇಕಾದರೆ ಯಾವುದು? ಅಗಲ ಬಾಯಿಯದು. ಇಲಿಯ ಗಾತ್ರ ತಿಳಿಯಬೇಕಾದರೆ? ಕಿರಿದು, ಏಕೆಂದರೆ ಅಗಲದ್ದರಲ್ಲಿ ಯಾವ ಇಲಿ ಬೇಕಾದರೂ ತಿಂದು ಹೋಗಬಹುದು. ಒಂದು, ಎರಡನೇ ತರಗತಿಯ ಮಕ್ಕಳಲ್ಲೇ ಬಹುಪಾಲು ಈ ವ್ಯತ್ಯಾಸ ಹಿಡಿದರು. ಪುರಾವೆಯೂ ನಂಬಿಕೆಯೂ ಬೇರೆ ಎಂಬುದು ಅವರಿಗೆ ಹೊಳೆಯುತ್ತದೆ. ಪ್ರಶ್ನೆ ಸರಳವಾಗಿರಬೇಕು, ಅಷ್ಟೆ.

ತರಗತಿಯ ಕ್ರಮಗಳು

ಟಾಂಜಾನಿಯದಲ್ಲಿ ಶಿಕ್ಷಕರ ತರಬೇತಿಯಲ್ಲಿ ತೊಡಗಿದ್ದ ಯೋಸ್ ಎಲ್ಸ್ಟ್‌ಗೇಸ್ಟ್, ಶಿಕ್ಷಕರು ಕೇಳುವ ಪ್ರಶ್ನೆಗಳಲ್ಲಿ ಫಲ ಕೊಡುವಂಥವು ಯಾವುವೆಂದು ವಿಂಗಡಿಸಿದರು. ಮರಳಿನಲ್ಲಿ ಆಲಿಕೆಯಾಕಾರದ ಗುಣಿ ತೋಡಿ ತಳದಲ್ಲಿ ಅಡಗಿ ಇರುವೆ ಹಿಡಿಯುವ ಹುಳು ಅವರ ಮಕ್ಕಳ ಅಚ್ಚುಮೆಚ್ಚಿನ ಪಾಠವಾಗಿತ್ತು. ನಮ್ಮ ಊರುಗಳ ಜಗಲಿಯಂಚಿನ ಸಡಿಲ ಮಣ್ಣಿನಲ್ಲೂ ಅದು ಸಿಗುತ್ತದೆ. ‘ಅದು ಗುಣಿ ಯಾಕೆ ತೋಡುತ್ತದೆ?’ ಎಂದು ಕೇಳಿದರೆ ಮಕ್ಕಳು ಶಿಕ್ಷಕರ ಮುಖ ನೋಡುತ್ತಾರೆ. ‘ಏನು ಕಾಣಿಸುತ್ತದೆ?’, ‘ಎಷ್ಟು ಆಳ?’, ‘ಆ ಗುಣಿಗೂ ಈ ಗುಣಿಗೂ ಏನು ವ್ಯತ್ಯಾಸ?’, ‘ಒಂದು ಕಾಳು ಮರಳು ಉದುರಿಸಿದರೆ ಏನಾಗುತ್ತದೆ?’ ಎಂದರೆ ಹುಳುವಿನ ಕಡೆ ತಿರುಗುತ್ತಾರೆ. ಯಾಕೆ ಎಂಬ ಪ್ರಶ್ನೆ ಕೊನೆಗೆ ಬರಬೇಕು, ಅದೂ ‘ನಿನಗೆ ಯಾಕೆ ಹಾಗನ್ನಿಸುತ್ತದೆ?’ ಎಂಬ ರೂಪದಲ್ಲಿ.

ಅನುಮಾನಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಇನ್ನೊಂದು ಪಾಠ ಹೆಜ್ಜೆ ಗುರುತಿನ ಒಗಟು. ಚಿತ್ರದಲ್ಲಿ ದೊಡ್ಡ ಮತ್ತು ಚಿಕ್ಕ ಹೆಜ್ಜೆಗಳ ಎರಡು ಸಾಲು ಒಂದೆಡೆ ಕೂಡಿ ಕಲಸಿಹೋಗಿ, ಅಲ್ಲಿಂದ ಮುಂದಕ್ಕೆ ದೊಡ್ಡ ಹೆಜ್ಜೆಗಳು ಮಾತ್ರ ಹೋಗುತ್ತವೆ. ದೊಡ್ಡ ಪ್ರಾಣಿ ಚಿಕ್ಕದನ್ನು ತಿಂದಿತೆಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳುತ್ತದೆ. ಚಿಕ್ಕದು ಹಕ್ಕಿಯಾಗಿದ್ದು ಹಾರಿಹೋಗಿರಬಾರದೇಕೆ? ತಾಯಿ ಮರಿಯನ್ನು ಬೆನ್ನ ಮೇಲೆ ಹೊತ್ತಿರಬಹುದಲ್ಲ? ಎರಡೂ ಒಂದೇ ದಿನ ಬಂದದ್ದೆಂದು ಹೇಳಿದ್ದು ಯಾರು? ಹೆಜ್ಜೆಗಳ ನಡುವಣ ಅಂತರ ಹೆಚ್ಚಿದರೆ ಓಡಿದ್ದೆಂದು, ಮುಂದೆ ಹೆಜ್ಜೆ ಆಳವಾಗಿದ್ದರೆ ಭಾರ ಹೊತ್ತದ್ದೆಂದು, ಒಂದರ ಮೇಲೊಂದು ಹೆಜ್ಜೆ ಬಿದ್ದಿದ್ದರೆ ಯಾವುದು ಮೊದಲೆಂದು ಹೇಳಬಹುದೆಂಬ ಮಾತುಗಳು ಆಮೇಲೆ ಮಕ್ಕಳಿಂದಲೇ ಬರುತ್ತವೆ. ಇದು ಬರೀ ಆಟವಲ್ಲ. ಟೆಕ್ಸಸ್ಸಿನ ಪಲಕ್ಸಿ ನದಿಯ ಪಾತ್ರದಲ್ಲಿ ರೋಲಂಡ್ ಬರ್ಡ್ 1938ರಲ್ಲಿ ಗುರುತಿಸಿದ ಡೈನೋಸಾರ್ ಹೆಜ್ಜೆಗಳಲ್ಲಿ ಸಸ್ಯಾಹಾರಿಯ ಸಾಲಿನ ಜೊತೆಜೊತೆಗೇ ಮಾಂಸಾಹಾರಿಯ ಸಾಲೂ ಸಾಗುತ್ತದೆ. ಅದು ಬೇಟೆಯೋ, ಎರಡು ಬೇರೆ ಹೊತ್ತಿನ ನಡಿಗೆಯೋ ಎಂಬ ಚರ್ಚೆ ಬಹುಕಾಲ ನಡೆದಿದೆ.

ಭಾರತದಲ್ಲಿ

ನಮ್ಮ ದೇಶದಲ್ಲಿ ಈ ಬಗೆಯ ಬೋಧನೆಯ ದೊಡ್ಡ ಪ್ರಯತ್ನ ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮ. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು 1972ರಲ್ಲಿ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಇದನ್ನು ಆರಂಭಿಸಿದವು. 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಹೊಣೆ ಹೊತ್ತಿತು. ‘ಬಾಲ್ ವೈಜ್ಞಾನಿಕ್’ ಎಂಬ ಅದರ ಪುಸ್ತಕದಲ್ಲಿ ಪ್ರಯೋಗದ ವಿಧಾನವೂ ಪ್ರಶ್ನೆಗಳೂ ಇದ್ದವು, ಉತ್ತರ ಇರಲಿಲ್ಲ. ಹೂವನ್ನು ಬಿಡಿಸಿ ನೋಡಲು ಸೂಜಿಯ ಬದಲು ಜಾಲಿ ಮುಳ್ಳು ಬಳಸುತ್ತಿದ್ದರು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಪ್ರಾಯೋಗಿಕ ಪರೀಕ್ಷೆಯೂ ಇತ್ತು. ಕಂಠಪಾಠ ಮಾಡಿದವನಿಗೆ ಅಲ್ಲಿ ಹೆಚ್ಚಿನ ಲಾಭವೇನೂ ಇರಲಿಲ್ಲ. ಸುಮಾರು ಸಾವಿರ ಶಾಲೆಗಳನ್ನು ಮುಟ್ಟಿದ್ದ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೇಳಿದ್ದೂ ಇಂಥದೇ ಬೋಧನೆಯನ್ನು ಎಂಬುದು ವಿಪರ್ಯಾಸ.

ಕನ್ನಡ ನಾಡಿನಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಅದರ ‘ಬಾಲ ವಿಜ್ಞಾನ’ ಮಾಸಪತ್ರಿಕೆ ಈ ಮನೋಭಾವವನ್ನು ಹಳ್ಳಿ ಶಾಲೆಗಳವರೆಗೆ ಒಯ್ದಿವೆ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮ ಊರಿನದೇ ಸಮಸ್ಯೆ ಹಿಡಿದು ಮಾಹಿತಿ ಕಲೆಹಾಕಬೇಕು. ಇನ್ನು ಪದವಿಪೂರ್ವ ತರಗತಿಯ ಲವಣ ವಿಶ್ಲೇಷಣೆಯಂತೂ ವೀಕ್ಷಣೆ, ಅನುಮಾನ ಎಂಬ ಎರಡು ಅಂಕಣಗಳ ಮೇಲೆಯೇ ನಿಂತಿದೆ. ಬಿಳಿ ಧೂಮ ಬಂದರೆ ಕ್ಲೋರೈಡ್ ‘ಇರಬಹುದು’. ಬೆಳ್ಳಿ ನೈಟ್ರೇಟ್ ಹಾಕಿದಾಗ ಮೊಸರಿನಂಥ ಬಿಳಿ ಒತ್ತರ ಬಂದು ಅದು ಅಮೋನಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿದರೆ ಮಾತ್ರ ‘ಖಚಿತ’. ಅನುಮಾನಕ್ಕೆ ಮೆಟ್ಟಿಲುಗಳಿವೆಯೆಂದು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠ ವಿರಳ. ಹಿಂದಿನ ವರ್ಷದವರ ರೆಕಾರ್ಡಿನಿಂದ ಎರಡೂ ಅಂಕಣಗಳನ್ನು ನಕಲು ಮಾಡುವ ಸಂಪ್ರದಾಯ ಅದನ್ನು ಹಾಳು ಮಾಡಿದೆ.

ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ನಡೆಸುವ ‘ಸೀಸನ್‌ವಾಚ್’ ಯೋಜನೆಯಲ್ಲಿ ಶಾಲಾ ಮಕ್ಕಳು ಮಾವು, ಹಲಸು, ಕಕ್ಕೆ, ಹುಣಸೆಯಂಥ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ನೋಡಿ ಬರೆಯುತ್ತಾರೆ. ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣು ಒಂದೊಂದರ ಮುಂದೆಯೂ ಇಲ್ಲ, ಸ್ವಲ್ಪ, ಬಹಳ ಎಂಬುದರಲ್ಲಿ ಒಂದು. ವಾರಗಟ್ಟಲೆ ‘ಇಲ್ಲ’ ಎಂದು ಬರೆಯುವುದು ಮಕ್ಕಳಿಗೆ ಬೇಸರದ ಕೆಲಸ. ಆದರೆ ಹಿಂದಿನ ವಾರದ ‘ಇಲ್ಲ’ ದಾಖಲಾಗದಿದ್ದರೆ ಹೂವು ಯಾವಾಗ ಶುರುವಾಯಿತೆಂದು ಹೇಳಲು ಬರುವುದಿಲ್ಲ. ಹಾಗೆಯೇ ಶಾಲೆಯ ಅಂಗಳದ ಕಕ್ಕೆ ಈ ವರ್ಷ ಬೇಗ ಹೂಬಿಟ್ಟಿತೆಂದು ಹವಾಮಾನ ಬದಲಾಯಿತೆನ್ನಲೂ ಬರುವುದಿಲ್ಲ. ಆ ಮಾತಿಗೆ ಬೇರೆ ಬೇರೆ ಊರುಗಳ ನೂರಾರು ಮರಗಳ, ಹಲವು ವರ್ಷಗಳ ಲೆಕ್ಕ ಬೇಕು. ಮಕ್ಕಳ ಹಾಳೆಗಳು ಸೇರುವುದು ಆ ಲೆಕ್ಕಕ್ಕೆ.